ನೊರೆ ಹಚ್ಚಿ ನೋಡುವುದು

ಬೆಳಗ್ಗೆ ಏಳಾದರೂ ಗ್ದಾನ್ಸ್ಕ್‌ನಲ್ಲಿ ಇನ್ನೂ ಕತ್ತಲೆ.
ರಕ್ತ ತೆಗೆಯುವ ಕೋಣೆಯ ಮುಂದೆ ಬೆಂಚಿನ ತುಂಬ
ಕೋಟುಗಳು, ಏದುಸಿರು, ಒದ್ದೆ ಉಣ್ಣೆಯ ವಾಸನೆ.
ಮೊದಲ ಚೀಟಿ ಯಾವತ್ತೂ ಬ್ರೂನೊನ್ ಫೋರ್ಮೆಲಾನದೇ.
ಮಲಗಿದರೆ ಉಸಿರು ಕಟ್ಟುತ್ತದಂತೆ; ಕುರ್ಚಿಯಲ್ಲೇ
ಬೆಳಗು ಮಾಡಿ ಮೊದಲ ಟ್ರಾಮಿಗೆ ಬಂದುಬಿಡುತ್ತಾನೆ.

ತೋಳು ಚಾಚುತ್ತಾನೆ. ಮೊಣಕೈವರೆಗೆ
ಬೆಸುಗೆಯ ಕಿಡಿ ಹಾರಿದ ಬಿಳಿ ಚುಕ್ಕೆಗಳು.
"ಎಡಗೈ ಬೇಡ ಯೊವಿತಾ, ಅದರ ನರ ಮುನಿಸಿಕೊಂಡಿದೆ."

ಶಿಪ್‌ಯಾರ್ಡಿನಲ್ಲಿ ಮೂವತ್ತೊಂದು ವರ್ಷ
ಅವನು ಮಾಡಿದ್ದು ಸೋರಿಕೆ ಹುಡುಕುವ ಕೆಲಸ.
ತೊಟ್ಟಿಯೊಳಗೆ ಗಾಳಿ ತುಂಬಿಸಿ, ಹೊರಗಿನಿಂದ
ಬೆಸುಗೆಯ ಗೆರೆಯುದ್ದಕ್ಕೂ ಸೋಪಿನ ನೀರು ಬಳಿದು
ಕಣ್ಣು ಕೀಲಿಸಿ ಕಾಯುವುದು.
ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಒಂದು ಸುತ್ತು.
ಏಳದಿದ್ದರೆ ಇನ್ನೊಮ್ಮೆ ಬಳಿ.
"ಗುಳ್ಳೆ ಇಲ್ಲ ಅಂದ ಮಾತ್ರಕ್ಕೆ ಸೋರುತ್ತಿಲ್ಲ ಅಂತಲ್ಲ,
ನಿನ್ನ ಸೋಪು ಸರಿಯಿಲ್ಲ ಅಂತಲೂ ಇದ್ದೀತು."

ಹೊಸ ಯಂತ್ರ ಬಂದಾಗ ಆ ಮಾತು ನಿಜವಾಯಿತು.
ಹಳೆಯದು ಅವನ ಟ್ರೋಪೋನಿನ್ ಎದುರು
ನಾಲ್ಕು ವರ್ಷ ಬರೆದದ್ದು ಒಂದೇ: ಇಲ್ಲ.
ಹೊಸದು ಮೊದಲ ದಿನವೇ ಅಂದಿತು: ಮೂವತ್ತೆಂಟು.
ಲೀಟರಿಗೆ ಇಷ್ಟು ನ್ಯಾನೋಗ್ರಾಮ್ ಎಂಬ ಲೆಕ್ಕ,
ಈಜುಕೊಳಕ್ಕೆ ಬಿದ್ದ ಒಂದೇ ಹರಳು ಉಪ್ಪು.

ನಾನು ಓಡಿದೆ. ವಾರ್ಡಿನ ಎಳೆಯ ಡಾಕ್ಟರನೂ ಓಡಿದ.
ಮೂರು ಗಂಟೆ ಬಿಟ್ಟು ಮತ್ತೆ ರಕ್ತ: ಮೂವತ್ತೆಂಟು.
ಆರಕ್ಕೆ: ಮೂವತ್ತೇಳು.
ಇಸಿಜಿ ಕಾಗದದ ಮೇಲೆ ಹೊಸದೇನೂ ಇಲ್ಲ.
ಆಘಾತವಾದರೆ ಅದಕ್ಕೊಂದು ಗಳಿಗೆ ಇರುತ್ತದೆ,
ಆಮೇಲೆ ಊರಿಗೆಲ್ಲ ಹೇಳಿಕೊಳ್ಳಬಹುದು:
ಮೆಟ್ಟಿಲ ಮೇಲೆ, ಮಗಳ ಮದುವೆಯಲ್ಲಿ, ಹಿಮ ಬಾಚುವಾಗ.
ಇದಕ್ಕೆ ಗಳಿಗೆಯಿಲ್ಲ.
ಒಂದೊಂದೇ ಸ್ನಾಯುಕಣ ದೀಪ ಆರಿಸಿ
ಚಪ್ಪಲಿ ಸದ್ದಾಗದಂತೆ ಹೊರಟುಹೋಗುತ್ತದೆ.
ಹೋಗುವಾಗ ಒಳಗಿನ ನಾರಿನ ಚೂರೊಂದು
ರಕ್ತಕ್ಕೆ ಬೀಳುತ್ತದೆ.

ಎದೆ ಕರಗಿತು ಅನ್ನುತ್ತೇವಲ್ಲ, ಮಾತಿಗೆ.
ನಾನು ಅಳೆಯುವುದು ಅದನ್ನೇ.

ಇನ್ನೊಂದು ಕೊಳವೆಯಲ್ಲಿ ಇನ್ನೊಂದು ದೂರು:
ನೀರು ತುಂಬಿ ಗೋಡೆ ಜಗ್ಗಿದಾಗ ಹೃದಯ
ಮೂತ್ರಪಿಂಡಕ್ಕೆ ಬರೆಯುವ ಓಲೆ,
ಉಪ್ಪು ಬಿಡು, ನೀರು ಬಿಡು, ಹೊರಲಾರೆ.
ಆ ಅಂಕಿ ಸಾವಿರಗಳಲ್ಲಿ ಕೂಗುತ್ತದೆ,
ಮಾತ್ರೆ ಹೆಚ್ಚಿಸಿದರೆ ತಗ್ಗುತ್ತದೆ.
ಮೂವತ್ತೆಂಟಕ್ಕೆ ಕೂಗಲು ಬರುವುದಿಲ್ಲ.

ಕಾಗದದಲ್ಲಿ ರೋಗದ ಹೆಸರಿದೆ. ಈ ಊರಿನ ಭಾಷೆಯಲ್ಲಿ
ಅದಕ್ಕೆ ಸೋಲು ಎಂಬ ಅರ್ಥವಿಲ್ಲ; ಸಾಲದು ಅಂತ ಅಷ್ಟೆ.
"ನಮ್ಮ ಸಂಬಳದ ಹಾಗೆ" ಎಂದು ನಕ್ಕಿದ್ದ ಬ್ರೂನೊನ್.
ನಗು ಕೆಮ್ಮಾಗಿ, ಕೆಮ್ಮು ಮುಗಿಯಲು ಹೊತ್ತು ಹಿಡಿದಿತ್ತು.

ಇವತ್ತು ಐವತ್ತೆರಡು.
ಹೇಳುವುದು ನನ್ನ ಕೆಲಸವಲ್ಲ, ಮೇಲಿನ ಮಹಡಿಯದು.
ಆದರೆ ಅವನು ಬೆಂಚು ಬಿಟ್ಟು ಹೋಗಿಲ್ಲ.
ಬಾಗಿಲಲ್ಲಿ ನಿಂತು ಕೋಟಿನ ಗುಂಡಿ ಹಾಕುತ್ತ
ನನ್ನ ಮುಖಕ್ಕೆ ಸೋಪು ಬಳಿದವನಂತೆ ನೋಡುತ್ತಾನೆ,
ಎಲ್ಲಿ ಗುಳ್ಳೆ ಏಳುತ್ತದೋ ಎಂದು.

"ಎಲ್ಲಿ ಸೋರುತ್ತಿದೆ ಅಂತ ಹೇಳುತ್ತದೆಯೇ ನಿನ್ನ ಯಂತ್ರ?"
ಇಲ್ಲ. ಎಷ್ಟು ಅಂತ ಮಾತ್ರ.
"ಹಾಗಾದರೆ ಅರ್ಧ ಕೆಲಸ."
ಆಮೇಲೆ, ಟೋಪಿ ಹುಡುಕುತ್ತ, ಟೋಪಿ ಕೈಯಲ್ಲೇ ಇದೆ:
"ನಾವು ಪಾಸು ಮಾಡಿದ ಹಡಗುಗಳೆಲ್ಲ ಸೋರುತ್ತಿದ್ದವು ಕಣೇ.
ತಳದಲ್ಲಿ ಸದಾ ಒಂದಿಷ್ಟು ನೀರು. ಪಂಪು ಇರುವುದೇ ಅದಕ್ಕೆ.
ಒಂದು ಕಲ್ಲಿದ್ದಲ ಹಡಗು, ಹೆಸರು ಮರೆತೆ,
ಹಾಗೇ ಇಪ್ಪತ್ತಾರು ವರ್ಷ ಓಡಿತು."

ಇಪ್ಪತ್ತೇಳನೆಯ ವರ್ಷದ್ದು ನಾನು ಕೇಳಲಿಲ್ಲ.

ಟ್ರಾಮ್ ನಿಲ್ದಾಣ ಇಲ್ಲಿಂದ ಇನ್ನೂರು ಹೆಜ್ಜೆ.
ಕಿಟಕಿಯಿಂದ ಕಾಣುತ್ತದೆ: ನಡುವೆ ಎರಡು ಕಡೆ
ನಿಲ್ಲುತ್ತಾನೆ, ಬೆನ್ನು ನೆಟ್ಟಗೆ ಮಾಡಿ,
ಬೆಳಕಾಗುತ್ತಿರುವ ಆಕಾಶದಲ್ಲಿ
ಕ್ರೇನುಗಳನ್ನು ನೋಡುವವನ ಹಾಗೆ.